ಹಿಗ್ಗಿಸಿದ ಹಕ್ಕು

ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುತ್ತಲೇ ವರ್ಲೀನ್, ರೋಗಿಯ ನಿದ್ದೆ ಗಮನಿಸಿ ಮಾತ್ರೆಯ ಹೊತ್ತು ಬದಲಿಸುವ ಸಾಫ್ಟ್‌ವೇರ್ ಬರೆದು ಪೇಟೆಂಟ್ ಪಡೆದಿದ್ದಳು. ಕಂಪನಿಯೊಂದು ಅದನ್ನು ಕದ್ದಿತೆಂದು ಟೆಕ್ಸಸ್‌ನ ಮಾರ್ಷಲ್ ಊರಿನ ಕೋರ್ಟಿಗೆ ಹೋದಳು. ಗೆದ್ದರೆ ಮನೆಗೆ ದಾದಿಯನ್ನಿಟ್ಟು ಮತ್ತೆ ಕೆಲಸಕ್ಕೆ ಸೇರುವ ಆಸೆ.

ಕಂಪನಿಯದು ನಿದ್ದೆಯ ಬದಲು ನಾಡಿ ನೋಡುತ್ತಿತ್ತು. ಅದನ್ನೂ ಹಿಡಿಯಲೆಂದು ಅವಳ ವಕೀಲ, ಪೇಟೆಂಟಿನಲ್ಲಿದ್ದ ‘ರೋಗಿಯ ಸ್ಥಿತಿ’ಗೆ ಎಲ್ಲ ಬಗೆಯ ಸ್ಥಿತಿಯೂ ಸೇರುತ್ತದೆಂದು ವಾದಿಸಿದ. ನ್ಯಾಯಾಧೀಶರು ಒಪ್ಪಿದರು. ಆ ಅಗಲವಾದ ಅರ್ಥದೊಳಗೆ, ಅವಳಿಗಿಂತ ಮೊದಲೇ ಜ್ವರ ನೋಡಿ ಮಾತ್ರೆಯ ಹೊತ್ತು ಬದಲಿಸುತ್ತಿದ್ದ ಆಸ್ಪತ್ರೆಯೊಂದರ ಹಳೆಯ ಸಾಫ್ಟ್‌ವೇರೂ ಬಂತು. ಇವಳದು ಹೊಸದಲ್ಲವೆಂದು ಪೇಟೆಂಟ್ ಬಿದ್ದುಹೋಯಿತು.

“ನಿದ್ದೆ ಅಂತ್ಲೇ ಹಿಡ್ಕೊಳ್ಳಿ ಅಂದಿದ್ನಲ್ರೀ!” ಎಂದಳು ವರ್ಲೀನ್.

“ಹಂಗಂದಿದ್ರೆ ಕಂಪನಿ ತಪ್ಪಿಸ್ಕೊಳ್ತಿತ್ತಮ್ಮಾ,” ಎಂದ ವಕೀಲ.

ಮನೆಯಲ್ಲಿ ಗಂಡ ರಾಯ್ಸ್ ಸಮಾಧಾನ ಹೇಳಿದ: “ಹೋಗ್ಲಿ ಬಿಡೇ. ಅಮ್ಮಂಗೂ ಬೇರೆಯವ್ರ ಕೈ ಒಗ್ತಿರ್ಲಿಲ್ಲ.”

ವರ್ಲೀನ್ ಕೋರ್ಟಿನ ಬಟ್ಟೆಯ ಮೇಲೆಯೇ ಏಪ್ರನ್ ಕಟ್ಟಿಕೊಂಡಳು.