ಗೌರವ್ವ ಕುಂಕುಮವಿಟ್ಟ ಗಡಿಯಾರ

ಆ ಗಡಿಯಾರ ಕೆಟ್ಟಿದ್ದು ಗೌರವ್ವನ ಕೈಯಿಂದಲ್ಲ, ನನ್ನ ಕೈಯಿಂದ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಆಕೆಯ ಮೇಲೆ ಹಾಕಿದೆ—ಜೋರು ಮಾಡಿಯಲ್ಲ, ಬಹಳ ಮರ್ಯಾದೆಯ ಒಂದೇ ಒಂದು ಮಾತಿನಿಂದ.

ಗೌರವ್ವ ನನ್ನ ಗೆಳೆಯ ಪುಟ್ಟಸ್ವಾಮಿಯ ತಾಯಿ. ಹಳೇಕೋಟೆಯವರು. ಗಂಡ ತೀರಿಕೊಂಡ ಮೇಲೆ ಎಮ್ಮೆ ಸಾಕಿ, ಹಾಲು ಹಾಕಿ, ಮಗನನ್ನು ಹಾಸನದಲ್ಲಿ ಡಿಪ್ಲೊಮಾ ಓದಿಸಿದವರು. ಅವನು ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಟಿ.ವಿ., ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಮೇಲಾಗಿ ಪುರೋಹಿತರ ಮನೆಯವನು. ಹಾಗಾಗಿ ಊರಿನಲ್ಲಿ ನನ್ನ ಮಾತಿಗೆ ಎರಡು ಕಡೆಯಿಂದಲೂ ತೂಕವಿತ್ತು. ಈ ಸಂಗತಿ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ನಮ್ಮಿಬ್ಬರಿಗೂ ಒಂದೇ ಹುಚ್ಚು. ಹಳೆಯ ಕಾಲದ ಅಂಕಿ ದೀಪಗಳನ್ನು ಎಲ್ಲಿಂದಾದರೂ ತಂದು, ಅವನ್ನು ಉರಿಸುವ ಸರ್ಕ್ಯೂಟು ಕಟ್ಟುವುದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನದ ಗುಜರಿಯೊಂದರಲ್ಲಿ, ಯಾವುದೋ ಲ್ಯಾಬಿನವರು ಬಿಸಾಕಿದ ಯಂತ್ರದೊಳಗೆ, ಪುಟ್ಟಸ್ವಾಮಿಗೆ ಆರು ನಿಕ್ಸಿ ಟ್ಯೂಬು ಸಿಕ್ಕವು. ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಬುರುಡೆ; ಒಳಗೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳ ಆಕಾರಕ್ಕೆ ಬಗ್ಗಿಸಿದ ಕೂದಲೆಳೆಯಂಥ ತಂತಿಗಳು, ಒಂದರ ಹಿಂದೊಂದು—ದೇವಸ್ಥಾನದಲ್ಲಿ ಮಂಗಳಾರತಿ ನೋಡಲು ಇಣುಕುತ್ತಾ ನಿಂತ ಜನರ ಹಾಗೆ. ಯಾವ ತಂತಿಗೆ ಕರೆಂಟು ಹೋಗುತ್ತದೋ ಆ ಅಂಕಿ ಉರಿಯುತ್ತದೆ. ಯಾವ ತಂತಿಗೆಂದು ಆಯ್ದು ಕರೆಂಟು ಬಿಡುವುದು ಡ್ರೈವರ್ ಚಿಪ್ಪಿನ ಕೆಲಸ.

ಆ ಆರರಿಂದ ಗಂಟೆ, ನಿಮಿಷ, ಸೆಕೆಂಡು ತೋರಿಸುವ ಗಡಿಯಾರ ಕಟ್ಟಿ ಪೆಟ್ಟಿಗೆಯಲ್ಲಿ ಕೂರಿಸಿದೆವು. ಮೊದಲ ಸಲ ಆರೂ ಉರಿದ ಮಧ್ಯಾಹ್ನ—ಶಟರ್ ಅರ್ಧ ಎಳೆದಿದ್ದೆವು. ಕೆಂಡದ ಬಣ್ಣ. ಆದರೆ ಕೆಂಡದ ಬಿಸಿಯಿಲ್ಲ, ಸದ್ದಿಲ್ಲ. ಮೂರು ಆರಿ ನಾಲ್ಕು ಹೊತ್ತಿಕೊಂಡರೆ ಬೆಳಕು ಗಾಜಿನೊಳಗೆ ಒಂದು ಕೂದಲಿನಷ್ಟು ಹಿಂದೆ ಸರಿದು ನಿಂತಂತೆ ಕಾಣುತ್ತಿತ್ತು. ಪುಟ್ಟಸ್ವಾಮಿ ಸುಮ್ಮನೆ ಚಪ್ಪಲಿ ಬಿಟ್ಟ. ನಾನು ನಗಲಿಲ್ಲ, ನಾನೂ ಬಿಟ್ಟೆ. ವಿಜ್ಞಾನ ಪಾಠ ಮಾಡುವವನಿಗೆ ಅದರ ಕಾರಣವೆಲ್ಲ ಬಾಯಿಪಾಠ. ಆದರೂ ಮೈ ಜುಮ್ಮೆಂದಿತು. ಹಾಲು ಹಾಕಿ ಬಂದ ಗೌರವ್ವ ಬಾಗಿಲಲ್ಲಿ ಕ್ಯಾನು ಹಿಡಿದೇ ನಿಂತುಬಿಟ್ಟರು. "ಮೇಷ್ಟ್ರೆ, ಆರೋದ ಅಂಕಿ ಎಲ್ಲಿಗೋಯ್ತದೆ?" ಎಂದು ಕೇಳಿದರು. ಇಷ್ಟು ವರ್ಷ ಪಾಠ ಮಾಡಿದರೂ ಅಂಥ ಪ್ರಶ್ನೆ ನನ್ನನ್ನು ಇನ್ಯಾರೂ ಕೇಳಿಲ್ಲ.

ಆ ಟ್ಯೂಬು ಉರಿಯಲು ನೂರೆಪ್ಪತ್ತು ವೋಲ್ಟು ಬೇಕು. ಅದನ್ನು ಹೆಚ್ಚು ಕಡಿಮೆ ಮಾಡಲು ಬೋರ್ಡಿನ ಮೇಲೆ ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಪುಟ್ಟ ಪ್ರಿಸೆಟ್ ಇತ್ತು. ಪುಟ್ಟಸ್ವಾಮಿ ಮೀಟರ್ ಹಿಡಿದು ಕೂತು ಅದನ್ನು ಹದಕ್ಕೆ ತಂದಿದ್ದ. "ಇದೊಂದ ಮುಟ್ಬ್ಯಾಡ ಕಣಪ್ಪಾ ಐನೋರೆ, ಕೈ ಮುಗೀತೀನಿ" ಎಂದಿದ್ದ.

ಆಯುಧಪೂಜೆ ಬಂತು. ಅಂಗಡಿ ಮುಂದೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ಮೀಟರು, ಸೋಲ್ಡರಿಂಗ್ ಐರನ್ನು, ಸ್ಕ್ರೂಡ್ರೈವರುಗಳ ನಡುವೆ ಗಡಿಯಾರವನ್ನು ಪೂಜೆಗಿಟ್ಟಿದ್ದೆವು. ಪುಟ್ಟಸ್ವಾಮಿ ತಾಯಿಯ ಕೈಗೆ ಕುಂಕುಮದ ಬಟ್ಟಲು ಕೊಟ್ಟ. ಅವರು ಹಿಂದೆ ಸರಿದರು: "ಬ್ಯಾಡ ಕಣಪ್ಪ, ನಾನಿಡಬಾರ್ದು."

"ನೀನಿಡ್ದೆ ಇನ್ಯಾರವ್ವ ಇಡಾದು? ನಿನ್ನೆಮ್ಮೆ ಆಲ್ನಿಂದ ನಿಂತಿರಾ ಅಂಗ್ಡಿ ಇದು," ಎಂದು ಹೇಳಿ, ಒಡೆಯಲು ಬೂದುಗುಂಬಳ ತರುತ್ತೇನೆಂದು ಹೋದ.

ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಅಂಕಿಗಳು ಸರಿಯಾಗಿ ಕಾಣುತ್ತಿರಲಿಲ್ಲ. "ಇದೇನ್ ಮೇಷ್ಟ್ರೆ, ಉರೀತಲೇ ಇಲ್ವಲ್ಲ" ಎಂದು ಯಾರೋ ನಕ್ಕರು. ನನಗೆ ತಡೆಯಲಾಗಲಿಲ್ಲ. ನಾನು ಕಂಡ ಆ ಬೆರಗು ಇವರಿಗೂ ಕಾಣಲಿ ಎಂದು—ಅಲ್ಲ, ಅದು ಅರ್ಧ ನಿಜ. ನನ್ನನ್ನು ನೋಡಿ ಬೆರಗಾಗಲಿ ಎಂದು. ಹಿಂದಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಪ್ರಿಸೆಟ್ ತಿರುಗಿಸಿದೆ. ಅಂಕಿಗಳು ಬಿಸಿಲನ್ನೂ ಮೀರಿ ಹೊತ್ತಿಕೊಂಡವು. "ಆಹಾ!" ಎಂದರು. ಇನ್ನೊಂದು ಚೂರು ತಿರುಗಿಸಿದೆ.

ಪುಟ್ಟಸ್ವಾಮಿ ಬಂದ. ಗೌರವ್ವ ಪೆಟ್ಟಿಗೆಯ ನೆತ್ತಿಗೆ ಕಲಸಿದ ಕುಂಕುಮ ಇಟ್ಟರು. ಅವರ ಕೈ ಇನ್ನೂ ಹಿಂದೆ ಬಂದಿರಲಿಲ್ಲ—ಒಂದೊಂದು ಟ್ಯೂಬಿನಲ್ಲೂ ಹತ್ತೂ ಅಂಕಿ ಒಟ್ಟಿಗೆ ಹೊತ್ತಿ ಕಲಸಿಹೋದವು. ಒಂದು ಸಣ್ಣ ಚಟ್ ಸದ್ದು. ಆಮೇಲೆ ಕತ್ತಲು.

ಪುಟ್ಟಸ್ವಾಮಿ ನನ್ನ ಮುಖ ನೋಡಿದ. "ಏನಾಯ್ತಲಾ?"

"ಕುಂಕುಮದ ನೀರು ಒಳಗಿಳಿದಿರಬೇಕು," ಎಂದೆ.

ಕೇಳಿದರೆ ವಿಜ್ಞಾನದ ಮಾತು. ಒದ್ದೆ ಕುಂಕುಮ ಬೋರ್ಡಿಗೆ ಬಿದ್ದರೆ ಶಾರ್ಟ್ ಆಗಬಹುದು, ಸುಳ್ಳೇನಲ್ಲ. ಆದರೆ ಅಲ್ಲಿ ನಿಂತವರ ಕಿವಿಗೆ ಅದು ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತಿತ್ತು. ಹುಟ್ಟಿದ್ದು ಪುರೋಹಿತರ ಮನೆಯಲ್ಲಲ್ಲವೇ. ಪಕ್ಕದ ಟೈರ್ ಅಂಗಡಿಯವನು ಅಂದೇಬಿಟ್ಟ: "ಅದ್ಕೇ ಏಳಾದು, ಅಂತೋರ ಕೈಲಿ ಇಡಿಸ್ಬಾರ್ದು ಅಂತ." ಗೌರವ್ವ ಬಟ್ಟಲನ್ನು ಕೆಳಗಿಟ್ಟು, ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಮೆಟ್ಟಿಲಿಳಿದರು. ಪೆಟ್ಟಿಗೆ ಬಿಚ್ಚಲು ನೆರವಾಗುವ ನೆಪದಲ್ಲಿ ನಾನು ಪ್ರಿಸೆಟ್ಟನ್ನು ಮೊದಲಿನ ಜಾಗಕ್ಕೆ ತಿರುಗಿಸಿದೆ. ಒಳಗೆ ಕುಂಕುಮದ ಒಂದು ಕಲೆಯೂ ಇರಲಿಲ್ಲ. ನಾನು ಏರಿಸಿದ ವೋಲ್ಟಿಗೆ ಚಿಪ್ಪುಗಳೆಲ್ಲ ಸುಟ್ಟಿದ್ದವು. ಪುಟ್ಟಸ್ವಾಮಿ ಅದನ್ನು ಮತ್ತೆ ಕಟ್ಟಲಿಲ್ಲ.

ಅಲ್ಲಿಂದಾಚೆ ಗೌರವ್ವ ಅಂಗಡಿಯೊಳಗೆ ಕಾಲಿಡಲಿಲ್ಲ. ಬುತ್ತಿ ತಂದರೆ ಮೆಟ್ಟಿಲ ಮೇಲಿಟ್ಟು ಕರೆಯುತ್ತಿದ್ದರು. ನಾನು ಒಳಗೆ ಕೂತು ನೋಡುತ್ತಿದ್ದೆ. ಪುಟ್ಟಸ್ವಾಮಿಗೆ ಮದುವೆಯಾಗಿ ಮಗಳು ಹುಟ್ಟಿದಾಗ ಚನ್ನರಾಯಪಟ್ಟಣದ ಬೀಗರ ಮನೆಯಲ್ಲಿ ನಾಮಕರಣ. ಗೌರವ್ವ ತೊಟ್ಟಿಲ ಹತ್ತಿರ ಬರಲಿಲ್ಲ. ಸಂಕೋಚದ ಹೆಂಗಸು ಎಂದರು ಬೀಗರು. ನಾನು ಹೋಳಿಗೆ ಊಟ ಮಾಡಿ ಬಂದೆ.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ... ನಮ್ಮ ತಂದೆ ತೀರಿಕೊಂಡ ವರ್ಷ, ತಂಗಿಯ ಸೀಮಂತದಲ್ಲಿ, ಯಾರೂ ಹೇಳದೆಯೇ ನಮ್ಮಮ್ಮ ಅಡುಗೆಮನೆ ಬಾಗಿಲ ಹಿಂದೆ ಸರಿದು ನಿಂತರು. ಕೈ ಸೆರಗಿನೊಳಗಿತ್ತು. ಮಾರನೇ ದಿನ ಹಳೇಕೋಟೆ ಬಸ್ಸು ಹತ್ತಿದೆ.

ಗೌರವ್ವ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪ್ರಿಸೆಟ್, ವೋಲ್ಟು, ಬಿಸಿಲು, ನನ್ನ ಹಮ್ಮು—ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಆಮೇಲೆ ಕೇಳಿದರು: "ಅವತ್ತೇ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು, ಅವ್ವ."

"ಮೊಮ್ಮಗ್ಳು ಬೋರಲು ಬೀಳೋಗಂಟ ಎತ್ಕೊಂಡಿರ್ಲಿಲ್ಲ ನಾನು," ಎಂದರು. "ನನ್ ಕೈ ಸೋಕಿ ಏನಾರ ಆದಾತು ಅಂತ."

ಕಾಲಿಗೆ ಬೀಳಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡರು. "ಇದ ನನ್ನೊಬ್ಳಿಗೇಳಿ ಓಗ್ಬ್ಯಾಡಿ ಮೇಷ್ಟ್ರೆ. ನನ್ ಮಗನ್ಗೇಳಿ. ಅವತ್ತು ಅಲ್ಲಿ ನಿಂತಿದ್ರಲ್ಲ, ಅವ್ರಿಗೆಲ್ಲ ಏಳಿ."

ಅದೇ ಸಂಜೆ ಪುಟ್ಟಸ್ವಾಮಿಗೆ ಹೇಳಿದೆ. ಕೇಳಿಸಿಕೊಂಡು ಎದ್ದು ಶಟರ್ ಎಳೆದ. ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ಟೈರ್ ಅಂಗಡಿಯವನಿಗೆ ಹೇಳಿದರೆ ನಕ್ಕುಬಿಟ್ಟ: "ಅಯ್ಯೋ ಬುಡಿ ಸಾ, ಅದ್ಯಾವ ಗಡಿಯಾರವೋ, ಯಾರ್ಗೆ ಗ್ಯಾಪ್ಕ ಐತೆ?" ನಾನು ಅವನ ಮುಂದೆ ನಿಂತು ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಅವತ್ತು ಅಲ್ಲಿದ್ದವರಲ್ಲಿ ಒಬ್ಬರು ಈಗ ಅರಕಲಗೂಡಿನಲ್ಲಿದ್ದಾರೆ, ಇನ್ನೊಬ್ಬರು ಹಿರೀಸಾವೆಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಅವರ ಬಾಗಿಲಿಗೂ ಹೋಗುತ್ತೇನೆ.