ಜಾನಕಿ ಕೇಳಿದ ನಾಲ್ಕು ಚೀಲ

ಕಳೆದ ಮೇ ತಿಂಗಳಲ್ಲಿ ಜಾನಕಿ ನನ್ನ ಹತ್ತಿರ ನಾಲ್ಕು ಖಾಲಿ ಗೊಬ್ಬರದ ಚೀಲ ಕೇಳಿದಳು. ನಾನು ಇಲ್ಲ ಎಂದೆ. ಅದೂ ಯಾಕೆ? ಪರಿಸರ ಉಳಿಸುವ ಉತ್ಸಾಹದಲ್ಲಿ!

ಜಾನಕಿ ಸಿದ್ದಾಪುರದ ಹತ್ತಿರದ ನಮ್ಮ ಕಾಫಿ ತೋಟದ ಕೆಲಸದವಳು. ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲೇ ವಾಸ. (ಲೈನಿನಲ್ಲಿ ಇರುವುದೇ ನಾಲ್ಕು ಮನೆ. ನನ್ನನ್ನು ದೊಡ್ಡ ಪ್ಲಾಂಟರ್ ಎಂದುಕೊಳ್ಳಬೇಡಿ.) ಗೊಬ್ಬರ ಹಾಕಿ ಮುಗಿದ ಮೇಲೆ ಖಾಲಿ ಚೀಲಗಳು ಲೈನಿನವರಿಗೆ. ನಮ್ಮ ಮಾವನವರ ಕಾಲದಿಂದ ನಡೆದುಬಂದದ್ದು, ಎಲ್ಲೂ ಬರೆದಿಟ್ಟಿಲ್ಲ. ಜಾನಕಿ ಅವನ್ನು ತೊಳೆದು, ದಬ್ಬಳದಲ್ಲಿ ಹೊಲಿದು, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್‌ಗೆ ಸೊಂಟದ ಚೀಲ ಮಾಡುತ್ತಾಳೆ. ಅದು ಹರಿದರೆ ಕಾಲೊರೆಸು. ಎಲ್ಲಕ್ಕಿಂತ ಮೊದಲು ನಾಲ್ಕು ಚೀಲ ಜೋಡಿಸಿ ತನ್ನ ಜಗಲಿಗೆ ಮಳೆ ಹೊಡೆಯದಂತೆ ಮರೆ ಕಟ್ಟುತ್ತಾಳೆ. ಅವಳ ಒಲೆ, ಸೌದೆ ಎಲ್ಲ ಆ ಜಗಲಿಯಲ್ಲೇ.

ಇದಕ್ಕೆ ಸರ್ಕ್ಯುಲರ್ ಎಕಾನಮಿ ಎನ್ನುತ್ತಾರೆಂದು ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಪೊನ್ನಂಪೇಟೆಯ ಸಭೆಯೊಂದರಲ್ಲಿ ಯಾವುದೋ ಸ್ಟಾರ್ಟ್‌ಅಪ್‌ನವರು ಪರದೆಯ ಮೇಲೆ ಬಾಣಗಳನ್ನು ವೃತ್ತಾಕಾರವಾಗಿ ಓಡಿಸಿದಾಗ ತಿಳಿಯಿತು. ಚೀಲಕ್ಕೊಂದು ಕ್ಯೂಆರ್ ಸ್ಟಿಕ್ಕರ್ ಅಂಟಿಸಿ ಅವರ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಬೇಕು. ಲಾರಿ ಬಂದು ಒಯ್ಯುತ್ತದೆ. ಕಾರ್ಖಾನೆಯಲ್ಲಿ ಕರಗಿಸಿ ಹೊಸ ಚೀಲ ಮಾಡುತ್ತಾರೆ. ನನಗೊಂದು ಗ್ರೀನ್ ಸರ್ಟಿಫಿಕೇಟ್. ಎಷ್ಟು ಚಂದ ಅಲ್ಲವೇ? ನಾನೂ ಸೇರಿಕೊಂಡಿದ್ದೆ. ಇದೇ ಅಂಕಣದಲ್ಲಿ ಹೊಗಳಿ ಬರೆದಿದ್ದೆ, ನಿಮಗೆ ನೆನಪಿರಬಹುದು. (ಮರೆತಿದ್ದರೆ ಒಳ್ಳೆಯದು.)

“ನಾಲ್ಕೇ ಸಾಕಮ್ಮಾ, ಮಳೆ ಹಿಡಿಯೋ ಮುಂಚೆ ಕಟ್ಬೇಕು” ಎಂದಳು ಜಾನಕಿ.

ಪಕ್ಕದಲ್ಲಿದ್ದವನು ಬಾಬು, ನಮ್ಮ ತೋಟದ ಹಾಜರಿ ನೋಡುವ ರೈಟರ್. “ಎಲ್ಲ ಸ್ಕ್ಯಾನ್ ಆಗಿಹೋಯ್ತು ಮೇಡಂ. ಒಂದು ಕಮ್ಮಿ ಆದ್ರೂ ಆ್ಯಪ್ ರಿಜೆಕ್ಟ್ ಮಾಡ್ತದೆ” ಎಂದ.

“ಹಳೇ ಟಾರ್ಪಾಲು ಏನಾದ್ರೂ ಇದ್ಯಾ ನೋಡೋಣ ಜಾನಕಿ” ಎಂದೆ. ಆಮೇಲೆ ನೋಡಲೇ ಇಲ್ಲ.

ಮಳೆ ಬಂತು. ಲಾರಿ ಬರಲಿಲ್ಲ. ‘ವಾಹನ ದಾರಿಯಲ್ಲಿದೆ’ ಎಂದಿತ್ತು ಆ್ಯಪ್. ಜೂನ್ ಪೂರ್ತಿ ದಾರಿಯಲ್ಲೇ ಇತ್ತು. ಜುಲೈನಲ್ಲಿ ಆ್ಯಪೇ ತೆರೆಯಲಿಲ್ಲ. ಫೋನ್ ಎತ್ತುವವರಿಲ್ಲ. ಈ ಘಾಟಿ ರಸ್ತೆಗೆ ಲಾರಿ ಕಳಿಸಿದರೆ ಗಿಟ್ಟುವುದಿಲ್ಲವೆಂದು ಕಂಪನಿ ಮುಚ್ಚಿದೆಯಂತೆ. ಪರದೆಯ ಮೇಲಿನ ಬಾಣಗಳಿಗೆ ಘಾಟಿ ಎಲ್ಲಿತ್ತು?

ಮೊನ್ನೆ ಜಾನಕಿ ಆಸ್ಪತ್ರೆ ಸೇರಿದಳು. ಮರೆಯಿಲ್ಲದ ಜಗಲಿಯಲ್ಲಿ ಎರಡು ತಿಂಗಳು ಒದ್ದೆ ಸೌದೆ ಊದಿ ಊದಿ, ಹೊಗೆ ಕುಡಿದು, ಎದೆ ಕಟ್ಟಿದೆ. ಇನ್ನು ತೋಟದ ಕೆಲಸ ಆಗುವುದಿಲ್ಲ ಎಂದರು ಡಾಕ್ಟರ್. ಕೆಲಸವಿಲ್ಲದೆ ಅವಳು ಹೇಗೆ ಬದುಕಬೇಕು?

ಸುದ್ದಿ ಕೇಳಿದ ತಕ್ಷಣ ನಾನು ಓಡಿದ್ದು ಚೀಲ ಪೇರಿಸಿಟ್ಟಿದ್ದ ಗೋದಾಮಿಗೆ. ಆಗಲಾದರೂ ಚೀಲ ಕೊಡೋಣ ಎಂದು! ಇಲಿಗಳು ಒಂದನ್ನೂ ಬಿಟ್ಟಿರಲಿಲ್ಲ. ಸ್ಟಿಕ್ಕರ್ ಮಾತ್ರ ಅಲ್ಲಲ್ಲಿ ಉಳಿದಿತ್ತು.

ನನಗೆ ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಏನೂ ಬದಲಾಗದು ಅನ್ನಿಸುತ್ತಿದೆ. ಇನ್ನೊಂದು ಕಂಪನಿ ಬರುತ್ತದೆ, ಇನ್ನಷ್ಟು ಬಾಣ ಓಡಿಸುತ್ತದೆ, ನನ್ನಂಥವರು ಚಪ್ಪಾಳೆ ತಟ್ಟುತ್ತೇವೆ.

ನಿನ್ನೆ ಆಸ್ಪತ್ರೆಗೆ ಹೋದೆ. ಜಾನಕಿ ಎದ್ದು ಕೂರಲು ಒದ್ದಾಡಿದಳು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಕೇಳಿದಳು: “ಲಾರಿ ಬರ್ಲಿಲ್ಲ ಅಂತೆ. ಹಂಗಾದ್ರೆ ಆ ನಾಲ್ಕು ಚೀಲ ನಂಗೆ ಕೊಡ್ತೀರಾ ಅಮ್ಮಾ?”

ಇಲ್ಲ ಎನ್ನಲು ಈ ಸಲ ನನ್ನ ಹತ್ತಿರ ಆ್ಯಪ್ ಕೂಡ ಇರಲಿಲ್ಲ.