ಬೂತಾಯಿ ತಿಂದ ತೆಂಗು

ತೆಂಗಿನಕಾಯಿ ಸಸ್ಯಾಹಾರವೋ ಮಾಂಸಾಹಾರವೋ ಎಂಬ ಪ್ರಶ್ನೆ ನಿಮ್ಮನ್ನು ಎಂದಾದರೂ ಕಾಡಿದ್ದುಂಟೇ? ಇಲ್ಲವೆಂದಾದರೆ ನೀವು ಪುಣ್ಯವಂತರು. ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿರಿ. ಮೂಡುಬಿದಿರೆಯ ಜೈನ ಮನೆತನದಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸುತ್ತ, ತರ್ಕವೆಂದರೆ ನನ್ನ ಸ್ವಂತ ಹಿತ್ತಲು ಎಂದು ಭಾವಿಸಿಕೊಂಡಿದ್ದ ನಾನು ಮಾತ್ರ ಐವತ್ತರ ದಶಕ ಮುಗಿಯುವ ಹೊತ್ತಿಗೆ ಈ ಪ್ರಶ್ನೆಯ ಕೈಗೆ ಸಿಕ್ಕಿಬಿದ್ದೆ, ಮತ್ತು ಬಹಳ ಕಾಲ ಬಿಡಿಸಿಕೊಳ್ಳಲಾಗಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ದೊಡ್ಡಮ್ಮ. ತಾಯಿಯ ಅಕ್ಕ, ನನ್ನನ್ನು ಸಾಕಿದವರು, ನಮ್ಮ ಮನೆಯ ಯಜಮಾನ್ತಿ. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ನೆಲದೊಳಗೆ ಬೆಳೆದ ಗೆಡ್ಡೆಗೆಣಸು ಅವರ ಅಡಿಗೆಮನೆಯ ಹೊಸಿಲು ದಾಟಿದ್ದಿಲ್ಲ. ಅಂಗಳದಲ್ಲಿ ನಡೆಯುವಾಗ ಇರುವೆಯ ಸಾಲು ಕಂಡರೆ ನಿಂತು ದಾರಿ ಬಿಡುತ್ತಿದ್ದರು. ಇಷ್ಟೆಲ್ಲ ತ್ಯಜಿಸಿದ ಆ ನಾಲಗೆಗೆ ಉಳಿದಿದ್ದ ಭೋಗವೆಂದರೆ ತೆಂಗಿನಕಾಯಿ ಒಂದೇ. ಚಟ್ನಿ, ಗಸಿ, ಪಲ್ಯ, ಪಾಯಸ ಎಲ್ಲಕ್ಕೂ ಧಾರಾಳವಾಗಿ ಕಾಯಿ ಬೀಳಬೇಕು, ಸಾಲದ್ದಕ್ಕೆ ಹೆರೆಯುವಾಗ ಬಾಯಿಗೊಂದು ಚೂರು ಬೇರೆ.

ಆದರೆ ನಮ್ಮ ಹಿತ್ತಲಿನ ತೆಂಗುಗಳು ಆಗ ಕೃಶವಾಗಿದ್ದವು. ಅದೇ ವರ್ಷಗಳಲ್ಲಿ ಮಂಗಳೂರಿನ ಕಡಲ ತೀರಕ್ಕೆ ಬೂತಾಯಿ ಮೀನು ರಾಶಿರಾಶಿಯಾಗಿ ಬಂದು ಬೀಳುತ್ತಿತ್ತು. ಒಂದು ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ರಂಪಣಿ ಬಲೆಯಲ್ಲಿ ಅದು ಬಂದಾಗ, ತಿಂದು, ಒಣಗಿಸಿ, ಎಣ್ಣೆ ತೆಗೆದು ಮುಗಿದ ಮೇಲೂ ಗುಡ್ಡೆ ಉಳಿಯುತ್ತಿತ್ತಂತೆ. ಉಳಿದದ್ದು ಲಾರಿಯೇರಿ ಘಟ್ಟದ ಬುಡದವರೆಗಿನ ತೋಟಗಳಿಗೆ ಗೊಬ್ಬರವಾಗಿ ಬರುತ್ತಿತ್ತು. ನಮ್ಮ ಕಡೆಗೆ ತರುತ್ತಿದ್ದವರು ಬಂಟ್ವಾಳದ ಹುಸೇನಬ್ಬರು. ಅವರ ಲಾರಿ ಬರುವುದು ಕಿವಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು.

ನಾನು ತರ್ಕ ಹೂಡಿದೆ. ಮೀನು ಮೊದಲೇ ಸತ್ತಿದೆ, ಕೊಂದವನು ನಾನಲ್ಲ, ತಿನ್ನುವವನೂ ನಾನಲ್ಲ, ಮರ. ಬೀಜಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಕೊಟ್ಟು ಮುಂದೆ ಹೋಗುತ್ತೇವಲ್ಲ, ಹಾಗೆ ಗೊತ್ತಿದ್ದದ್ದಕ್ಕೂ 'ಗೊಬ್ಬರ' ಎಂಬ ಹೆಸರು ಕೊಟ್ಟು, ದೊಡ್ಡಮ್ಮ ಅಳದಂಗಡಿಯ ನೆಂಟರ ಮನೆಗೆ ಹೋಗಿದ್ದಾಗ ಎಲ್ಲ ಬುಡಗಳಿಗೂ ಹಾಕಿಸಿ ಮಣ್ಣು ಮುಚ್ಚಿಸಿದೆ. ತಿರುಗಿ ಬಂದ ದೊಡ್ಡಮ್ಮ ವಾಸನೆಯ ವಿಷಯ ಕೇಳಿದಾಗ ರಸ್ತೆಯ ಕಡೆಗೆ ಕೈ ತೋರಿಸಿದೆ. ಮುಂದೆ ಮರಗಳು ಗೊನೆ ಹೊರಲಾರದೆ ಹೊತ್ತವು.

ಮತ್ತೊಂದು ಮಳೆಗಾಲ ಕಳೆದು ಹುಸೇನಬ್ಬರ ಲಾರಿ ನಮ್ಮ ಗೇಟಿನ ಹೊರಗೆ ನಿಂತ ದಿನ ದೊಡ್ಡಮ್ಮ ಮನೆಯಲ್ಲೇ ಇದ್ದರು. ಜಗಲಿಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು, ಈ ಸಲ ಕಾಯಿ ಹೇಗೆ ಹಿಡಿದಿದೆ ನೋಡಿ ಎಂದು ಹೆಮ್ಮೆಪಟ್ಟರು. ಹುಸೇನಬ್ಬರದು ಕಪಟವಿಲ್ಲದ ಮನಸ್ಸು. "ಹಿಡಿಯದೆ ಇರ್ತದಾ ಅಮ್ಮಾ, ಬೂತಾಯಿ ತಿಂದ ಮರ ಅಲ್ವಾ" ಎಂದುಬಿಟ್ಟರು. ನಾನು ಮಾಡಿನ ಹಂಚು ಎಣಿಸತೊಡಗಿದೆ.

ದೊಡ್ಡಮ್ಮ ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಲಾರಿಯ ಹತ್ತಿರ ಹೋಗಿ ಆ ರಾಶಿಯನ್ನು ಬಹಳ ಹೊತ್ತು ನೋಡಿದರು. ಬಸ್ಸು ಹತ್ತಿದರೆ ಸಿಗುವ ಕಡಲನ್ನು ಅವರು ಜೀವಮಾನದಲ್ಲಿ ಕಂಡವರಲ್ಲ. ಅಂಗೈ ಉದ್ದದ ಮೀನುಗಳ ನಡುವೆ ಕಿರುಬೆರಳಿನಷ್ಟು ಸಣ್ಣವು ಹೊಳೆಯುತ್ತಿದ್ದವು. ಅವು ಏನೆಂದು ಕೇಳಿದರು. ಮರಿಗಳು, ರಂಪಣಿ ಎಳೆದರೆ ದೊಡ್ಡದು ಸಣ್ಣದು ನೋಡಲಿಕ್ಕೆ ಆಗುವುದಿಲ್ಲ, ಬಂದದ್ದೆಲ್ಲ ಬರುತ್ತದೆ ಎಂದರು ಹುಸೇನಬ್ಬರು. ಅಹಿಂಸೆಯ ಮೇಲೆ ಉಪನ್ಯಾಸ ಬರುತ್ತದೆಂದು ನಾನು ತಲೆ ತಗ್ಗಿಸಿ ಕಾದೆ. ಬಂದದ್ದು ಒಂದು ಸಣ್ಣ ಪ್ರಶ್ನೆ.

"ಬೀಜಕ್ಕೆ ಎಷ್ಟು ಬಿಡ್ತಾರೆ?"

ನಮ್ಮಂಥ ಗದ್ದೆಯ ಮನೆಗಳಲ್ಲಿ ಆಷಾಢದ ಹಸಿವು ಎಷ್ಟೇ ಇರಲಿ, ಅಟ್ಟದ ಮೇಲೆ ಬೈಹುಲ್ಲಿನಲ್ಲಿ ಬಿಗಿದಿಟ್ಟ ಬಿತ್ತನೆ ಭತ್ತದ ಮುಡಿಯನ್ನು ಯಾರೂ ಬಿಚ್ಚುವುದಿಲ್ಲ. ಕಡಲಿನ ಮುಡಿಯನ್ನು ಬಿಚ್ಚಿ ನಮ್ಮ ಮರಗಳ ಬುಡಕ್ಕೆ ಸುರಿಯುತ್ತಿದ್ದೇವೆ ಎಂಬುದು ಅವರಿಗೆ ಒಂದೇ ನೋಟಕ್ಕೆ ಕಂಡಿತ್ತು. ಹುಸೇನಬ್ಬರು, ಪಾಪ, ಲಾರಿಯ ಹಲಗೆ ಎತ್ತಿ ಮುಚ್ಚಿದರು. ನನ್ನಲ್ಲಂತೂ ಪ್ರಶ್ನೆಯೇ ಹುಟ್ಟಿರಲಿಲ್ಲ. ಲಾರಿ ಬೇರೆ ತೋಟಕ್ಕೆ ಹೋಯಿತು.

ಅಂದು ಸಂಜೆಯೇ ದೊಡ್ಡಮ್ಮ ನಿಯಮ ತೆಗೆದುಕೊಂಡರು: ಮರಗಳಿಂದ ಮೀನು ಹೋಗುವವರೆಗೆ ತಾನು ಕಾಯಿ ಮುಟ್ಟುವುದಿಲ್ಲ. ಹೋಗಲು ಎಷ್ಟು ಕಾಲ ಬೇಕು ಎಂದು ಗಣಿತದ ಮೇಷ್ಟರನ್ನೇ ಕೇಳಿದರು. ಹೂವು ಬಲಿತ ಕಾಯಾಗಲು ಒಂದು ವರ್ಷ, ಆದ್ದರಿಂದ ಒಂದು ವರ್ಷ ಎಂದೆ, ಗೊತ್ತಿಲ್ಲದವನಿಗೆ ಮಾತ್ರ ಸಾಧ್ಯವಾಗುವ ದೃಢತೆಯಿಂದ.

ಆ ವರ್ಷ ಅವರು ನಮಗೆಲ್ಲ ಕಾಯಿ ಹಾಕಿ ಬಡಿಸಿ, ತಾವು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಉಂಡರು. ಎದುರಿಗೆ ಕುಳಿತವನಿಗೆ ಗಸಿ ಗಂಟಲಿನಲ್ಲಿ ಇಳಿಯಬೇಕಲ್ಲ! ಮೀನು ಮುಟ್ಟದ ಮರದ ಕಾಯಿಯನ್ನಾದರೂ ತರೋಣವೆಂದು ಹೊರಟೆ. ಅಳದಂಗಡಿಯ ನೆಂಟರು ತಮ್ಮ ಕಾಯಿಯ ಗಾತ್ರ ಹೊಗಳಿ, ಕಾರಣವನ್ನೂ ಗುಟ್ಟಾಗಿ ಹೇಳಿದರು. ಲಾಯಿಲದ ಗೃಹಸ್ಥರೊಬ್ಬರು ಗುಟ್ಟೂ ಮಾಡಲಿಲ್ಲ. ಬಂಟ್ವಾಳದ ಪೇಟೆಯಲ್ಲಿ ಅಂಗಡಿಯವರು 'ಬೂತಾಯಿ ಕಾಯಿ' ಎಂದು ಎತ್ತಿ ತೋರಿಸಿದರು. ಎಲ್ಲ ಕಡೆಗೂ ಹುಸೇನಬ್ಬರ ಲಾರಿ ನನಗಿಂತ ಮೊದಲು ಹೋಗಿತ್ತು. ಕಡಲನ್ನು ಕಾಣದ ನಾವೆಲ್ಲ ಮನೆಯಲ್ಲೇ ಕುಳಿತು ಕಡಲಿಗೆ ಬಲೆ ಹಾಕುತ್ತಿದ್ದೆವು. ನಮ್ಮ ತೆಂಗಿನ ಬೇರುಗಳು ಅಷ್ಟು ದೂರ ಹೋಗಿದ್ದವು.

ವರ್ಷ ಮುಗಿಯಿತು. ಚೆನ್ನಾಗಿ ಬಲಿತ ಕಾಯಿಯೊಂದನ್ನು ಸುಲಿದು ದೊಡ್ಡಮ್ಮನ ಮುಂದಿಟ್ಟೆ. ಆದರೆ ಅದೇ ಹಂಗಾಮಿನಲ್ಲಿ ಬೂತಾಯಿ ಬರಲಿಲ್ಲ. ರಂಪಣಿ ಎಳೆದವರು ಬರಿಗೈಯಲ್ಲಿ ಹೋದರೆಂದೂ, ತಾನೀಗ ಲಾರಿಯಲ್ಲಿ ಹಂಚು ಸಾಗಿಸುತ್ತಿದ್ದೇನೆಂದೂ ಹುಸೇನಬ್ಬರು ಬಂದು ಹೇಳಿದ್ದರು. ದೊಡ್ಡಮ್ಮ ಕಾಯಿಯನ್ನು ಪಕ್ಕಕ್ಕೆ ಸರಿಸಿದರು. ನಾನು ಅಲ್ಲಲ್ಲಿ ಓದಿದ್ದನ್ನೆಲ್ಲ ಒಟ್ಟುಮಾಡಿ ವಿವರಿಸಿದೆ: ಈ ಮೀನು ಸ್ವಭಾವತಃ ಚಂಚಲ, ನೀರಿನ ಬಿಸಿ, ಮಳೆಯ ಹದ, ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಆಹಾರ, ಇವು ಏರುಪೇರಾದರೆ ಕೆಲವು ವರ್ಷ ಬರುವುದೇ ಇಲ್ಲ, ಇದಕ್ಕೂ ನಮ್ಮ ತೋಟಕ್ಕೂ ಸಂಬಂಧವಿಲ್ಲ. ಅವರು ಪೂರ್ತಿ ಕೇಳಿದರು.

"ಇರಬಹುದು ಮಗಾ. ಆದ್ರೆ ಬೀಜ ತಿಂದದ್ದು ನಾವೂ ಹೌದಲ್ಲ?"

ಕಡಲಿಗೆ ಮೀನು ತಿರುಗಿ ಬರುವವರೆಗೆ ಎಂದು ನಿಯಮ ಮುಂದುವರಿಯಿತು. ಎಪ್ಪತ್ತು ದಾಟಿದ ಜೀವ. ಕೆನ್ನೆ ಒಳಗೆ ಹೋಗಿತ್ತು, ಬಳೆ ಮೊಣಕೈಗೆ ಜಾರುತ್ತಿತ್ತು. ಇನ್ನೊಂದು ಮಳೆಗಾಲವನ್ನು ಈ ಗಂಜಿಯಲ್ಲಿ ದಾಟುತ್ತಾರೋ ಇಲ್ಲವೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹುಟ್ಟು ಸಸ್ಯಾಹಾರಿಯಾದ ನಾನು ದಿನವೂ ಬಸ್ ನಿಲ್ದಾಣಕ್ಕೆ ಹೋಗಿ, ಮಂಗಳೂರಿನಿಂದ ಬಂದ ಕಂಡಕ್ಟರರನ್ನು ಬದಿಗೆ ಕರೆದು, ಬೂತಾಯಿ ಬಂತೇ ಎಂದು ಪಿಸುದನಿಯಲ್ಲಿ ಕೇಳತೊಡಗಿದೆ. ಊರಿಗೆ ಇನ್ನೇನು ಬೇಕು? ಮೇಷ್ಟರ ನಾಲಗೆ ಕೆಟ್ಟಿದೆ ಎಂದು ಸುದ್ದಿಯಾಯಿತು. ಸಹೋದ್ಯೋಗಿಯೊಬ್ಬರು, ಬಂದಾಗ ತಮ್ಮ ಮನೆಗೇ ಊಟಕ್ಕೆ ಬರಬಹುದು, ಯಾರಿಗೂ ಗೊತ್ತಾಗದು ಎಂದು ಕೈಹಿಡಿದು ಹೇಳಿದರು. ನಾನು ಅಲ್ಲಗಳೆಯಲಿಲ್ಲ. ಮೀನನ್ನು ತಿನ್ನುವವರಿಗಿಂತ ಹೆಚ್ಚು ಆತುರದಿಂದ ನಾನು ಅದನ್ನು ಕಾಯುತ್ತಿದ್ದದ್ದು ಸತ್ಯವೇ ತಾನೇ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹುಸೇನಬ್ಬರು ಲಾರಿಯಿಲ್ಲದೆ, ಬಸ್ಸಿನಲ್ಲಿ ಬಂದಿಳಿದರು. ಜಗಲಿಯ ಕೆಳಗೆ ನಿಂತೇ ನನ್ನನ್ನು ಬಿಟ್ಟು ದೊಡ್ಡಮ್ಮನನ್ನು ಕರೆದರು.

"ಅಮ್ಮಾ, ಬೂತಾಯಿ ಬಂದಿದೆ. ಮರಿಗಳೂ ಉಂಟು, ಬೇಕಾದಷ್ಟು."

ದೊಡ್ಡಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಡಿಗೆಮನೆಯಿಂದ ಕಾಯಿ ಹೆರೆಯುವ ಸದ್ದು ಕೇಳಿತು. ನಡುನಡುವೆ ಅದು ನಿಲ್ಲುತ್ತಿತ್ತು, ಬಾಯಿಗೆ ಚೂರು ಹೋಗುತ್ತಿದೆ ಎಂದು ತಿಳಿದು ನನಗೆ ಕಣ್ಣು ತುಂಬಿ ಬಂತು. ಅಂದು ನಮ್ಮೆಲ್ಲರ ಜೊತೆ ಕುಳಿತು ಗಸಿ ಸುರಿದುಕೊಂಡು ಉಂಡರು. ಕೈ ತೊಳೆಯಲು ಏಳುವಾಗ ನನ್ನ ಕಡೆ ತಿರುಗಿದರು.

"ಸ್ವಲ್ಪ ಬೀಜಕ್ಕೆ ಬಿಡ್ಲಿಕ್ಕೆ ಹೇಳು ಮಗಾ ಅವರಿಗೆ."

ಹೇಳ್ತೇನೆ ಎಂದೆ. ಯಾರಿಗೆ ಹೇಳುವುದು? ಕಡಲಿನ ಕಡೆ ನನಗೆ ಪರಿಚಯದವರೇ ಇಲ್ಲ. ಹುಸೇನಬ್ಬರಿಗೆ ಹೇಳಿದೆ. ಅವರು ದಡದಲ್ಲಿ ಹೇಳಿ ನೋಡಿದರಂತೆ. ತೋಟದವರು ಕೇಳುವುದು ನಿಲ್ಲಿಸಿದರೆ ತಾವೂ ನಿಲ್ಲಿಸುತ್ತೇವೆ ಎಂದರಂತೆ ಬಲೆಯವರು. ಅದು ನ್ಯಾಯವೇ. ಆದ್ದರಿಂದ ತೋಟದವರಿಗೆ ಹೇಳಿದೆ, ಬಸ್ಸಿನ ಕಂಡಕ್ಟರರಿಗೆ ಹೇಳಿದೆ, ಊಟಕ್ಕೆ ಕರೆದಿದ್ದ ಆ ಸಹೋದ್ಯೋಗಿಗೂ ಹೇಳಿದೆ. ಈಗ ಮೋಟಾರು ಕಟ್ಟಿದ ದೋಣಿಗಳು ಬಂದಿವೆಯಂತೆ, ಬಲೆಯೂ ಬದಲಾಗಿದೆಯಂತೆ. ಹೇಳಬೇಕಾದವರ ಸಂಖ್ಯೆ ಹೆಚ್ಚುತ್ತಲೇ ಇದೆ. ದೊಡ್ಡಮ್ಮ ಇಂದಿಗೂ ಉಂಡೆದ್ದು, ಹೇಳಿದೆಯಾ ಎಂದು ಕೇಳುತ್ತಾರೆ. ಇವತ್ತು ಹೊತ್ತು ಮುಳುಗುವುದರೊಳಗೆ ಇನ್ನೂ ಕೆಲವರಿಗೆ ಹೇಳಿದೆನೆಂದು ಅವರಿಗೆ ಧೈರ್ಯವಾಗಿ ಉತ್ತರಿಸಬಹುದು, ನೀವು ಇಲ್ಲಿಯವರೆಗೆ ಓದಿದ್ದರೆ.